ರಾಜಕಾರಣಿಗೆ ಪುಸ್ತಕ ಕಳಿಸಿದರೆ ಓದೋರು ಯಾರು?

ನಮಸ್ಕಾರ. ಇವತ್ತು ಒಬ್ಬ ಲೇಖಕನ ಹಟದಿಂದ ಮಾತು ಶುರು ಮಾಡ್ತೀನಿ.

ಯಾನ್ ಮಾರ್ಟೆಲ್ ಹೆಸರು ಕೇಳಿರ್ತೀರಿ. ಕೆನಡಾದವರು, 'ಲೈಫ್ ಆಫ್ ಪೈ' ಬರೆದವರು. ಅದೇ, ಪಾಂಡಿಚೇರಿಯ ಹುಡುಗ, ಸಮುದ್ರದ ನಡುವೆ ಒಂದು ದೋಣಿ, ದೋಣಿಯಲ್ಲಿ ಹುಲಿ. 2007ರ ಮಾರ್ಚ್‌ನಲ್ಲಿ ಕೆನಡಾ ಕೌನ್ಸಿಲ್‌ಗೆ 50 ವರ್ಷ ತುಂಬಿತು. ಅಲ್ಲಿನ ಕಲಾವಿದರಿಗೆ, ಲೇಖಕರಿಗೆ ಸರ್ಕಾರದ ಹಣದಿಂದ ನೆರವು ಕೊಡುವ ಸಂಸ್ಥೆ ಅದು. ಆ ನೆಪದಲ್ಲಿ 50 ಕಲಾವಿದರನ್ನು ಸಂಸತ್ತಿಗೆ ಕರೆದರು. ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಕೆಳಗೆ ಮಂತ್ರಿಯೊಬ್ಬರು ನಾಲ್ಕು ಮಾತಾಡಿದರು. ಚಪ್ಪಾಳೆ ಬಿತ್ತು, ಮುಗೀತು. ಪ್ರಧಾನಿ ಸ್ಟೀಫನ್ ಹಾರ್ಪರ್ ತಲೆ ಎತ್ತಿ ನೋಡಲೂ ಇಲ್ಲ ಅಂತ ಮಾರ್ಟೆಲ್ ಆಮೇಲೆ ಬರೆದರು.

ಮೇಲೆ ಕೂತಿದ್ದ ಮಾರ್ಟೆಲ್‌ಗೆ ಒಂದು ಪ್ರಶ್ನೆ ಹುಟ್ಟಿತು. ಈ ಮನುಷ್ಯ ಏನು ಓದ್ತಾನೆ? ಇವನ ತಲೆಯೊಳಗೆ ಯಾವ ಕಥೆಗಳಿವೆ?

ಅದೇ ವರ್ಷ ಏಪ್ರಿಲ್ 16ಕ್ಕೆ ಪ್ರಧಾನಿಗೆ ಒಂದು ಪುಸ್ತಕ ಹೋಯಿತು. ಟಾಲ್‌ಸ್ಟಾಯ್ ಬರೆದ 'ಇವಾನ್ ಇಲಿಚ್‌ನ ಸಾವು'. ಜೊತೆಗೊಂದು ಪತ್ರ. ಎರಡು ವಾರ ಬಿಟ್ಟು ಇನ್ನೊಂದು ಪುಸ್ತಕ, ಇನ್ನೊಂದು ಪತ್ರ. ಹೀಗೇ 2011ರವರೆಗೆ ನಡೆಯಿತು. ಒಟ್ಟು 101 ಪುಸ್ತಕ. ಅದರಲ್ಲಿ ಆರ್ವೆಲ್ ಇದ್ದರು, ಅಗಾಥಾ ಕ್ರಿಸ್ಟಿ ಇದ್ದರು, ನಮ್ಮ ಭಗವದ್ಗೀತೆಯೂ ಇತ್ತು. ಪ್ರಧಾನಿಗೆ ಪುರುಸೊತ್ತು ಇರಲ್ಲ ಅಂತ ಹೆಚ್ಚಾಗಿ ತೆಳ್ಳಗಿನ ಪುಸ್ತಕಗಳನ್ನೇ ಆರಿಸಿದರು. ಪತ್ರಗಳನ್ನು ಊರಿಗೆಲ್ಲ ಕಾಣುವ ಹಾಗೆ ಪ್ರಕಟಿಸುತ್ತಲೂ ಹೋದರು.

ಹಾರ್ಪರ್‌ರಿಂದ ಬಂದ ಉತ್ತರ? ಒಂದೂ ಇಲ್ಲ. ಅವರ ಕಚೇರಿಯವರಿಂದ ಬೆರಳೆಣಿಕೆಯಷ್ಟು ಕಾಗದ ಬಂದವು. 'ಪುಸ್ತಕ ತಲುಪಿತು, ವಂದನೆಗಳು' ಅನ್ನುವ ಥರದವು.

ಈಗ ಕಥೆಯ ತಮಾಷೆ ನೋಡಿ. 2010ರಲ್ಲಿ ಮಾರ್ಟೆಲ್‌ಗೆ ಒಬ್ಬ ದೊಡ್ಡ ನಾಯಕನಿಂದ ಕೈಬರಹದ ಚೀಟಿ ಬಂತು. ಬರೆದವರು ಬರಾಕ್ ಒಬಾಮ. ಮಗಳ ಜೊತೆ ಕೂತು 'ಲೈಫ್ ಆಫ್ ಪೈ' ಓದಿ ಮುಗಿಸಿದೆ, ಪ್ರಾಣಿಗಳಿರುವ ಕಥೆಯೇ ನಮ್ಮಿಬ್ಬರಿಗೂ ಇಷ್ಟವಾಯಿತು ಅಂತ. (ಕಾದಂಬರಿಯ ಕೊನೆಗೆ ನಡೆದದ್ದಕ್ಕೆ ಎರಡು ಕಥೆ ಸಿಗುತ್ತವೆ, ಒಂದರಲ್ಲಿ ಪ್ರಾಣಿಗಳು, ಇನ್ನೊಂದರಲ್ಲಿ ಬರೀ ಮನುಷ್ಯರು.) ಆ ಮನುಷ್ಯನಿಗೆ ಮಾರ್ಟೆಲ್ ಎರಡು ವಾರಕ್ಕೊಂದು ಪುಸ್ತಕ ಕಳಿಸಿರಲಿಲ್ಲ, ಪಾಠ ಹೇಳಿರಲಿಲ್ಲ. ಅವರಾಗಿ ಓದಿದರು, ಅವರಾಗಿ ಬರೆದರು.

ಹಾಗಾದ್ರೆ ಹಾರ್ಪರ್ ಓದೋದೇ ಇಲ್ಲದ ಮನುಷ್ಯನಾ? ಸುಮ್ನೆ ಹಾಗೆ ಅಂದುಬಿಡೋದು ಸುಲಭ, ಆದರೆ ಅದು ಸರಿಯಲ್ಲ. ಪ್ರಧಾನಿಯಾಗಿದ್ದಾಗಲೇ ಅವರು ಐಸ್ ಹಾಕಿಯ ಹಳೆಯ ಚರಿತ್ರೆ ಬಗ್ಗೆ ಒಂದು ಪುಸ್ತಕ ಬರೆದರು. 2013ರಲ್ಲಿ ಅದು ಅಚ್ಚಾಯಿತು. ಹಳೇ ಪತ್ರಿಕೆ, ದಾಖಲೆ ತಿರುವಿ ಹಾಕದೆ ಅಂಥದ್ದನ್ನು ಬರೆಯೋಕೆ ಆಗಲ್ಲ. ಅಂದರೆ ಓದೋಕೆ ಸಮಯ ಇತ್ತು. ತನಗೆ ಬೇಕಾದ್ದನ್ನು ಓದಿದರು, ಮಾರ್ಟೆಲ್ ಹೇಳಿದ್ದನ್ನು ಓದಲಿಲ್ಲ ಅಷ್ಟೇ.

ಯಾಕೆ ಓದಬೇಕಿತ್ತು, ಹೇಳಿ? ಮಾರ್ಟೆಲ್ ಪತ್ರಗಳು ಚೆನ್ನಾಗಿವೆ, ಕೆಲವಂತೂ ಬಹಳ ಚೆನ್ನಾಗಿವೆ. ಆದರೆ ಆ ಇಡೀ ಕೆಲಸದಲ್ಲಿ ಮೇಷ್ಟರು ಮುಂದಿನ ಬೆಂಚಿನ ದಡ್ಡನನ್ನು ಎಬ್ಬಿಸಿ ನಿಲ್ಲಿಸಿದ ಧಾಟಿ ಇದೆ. ಊರೆಲ್ಲ ನೋಡುತ್ತಿರುವಾಗ 'ನೀನು ಏನು ಓದ್ತೀಯಪ್ಪಾ' ಅಂತ ಕೇಳಿ ಕೈಗೆ ಪುಸ್ತಕ ಇಟ್ಟರೆ ಅದು ಉಡುಗೊರೆ ಅಲ್ಲ, ಕುಟುಕು. ತೆಗೆದುಕೊಂಡು ಓದಿದರೆ ಸೋತ ಹಾಗೆ. ರಾಜಕಾರಣಿ ಇರಲಿ, ನಾನೂ ನೀವೂ ಆ ಪುಸ್ತಕ ಬಿಚ್ಚುತ್ತಿರಲಿಲ್ಲ.

ನಡುವೆ 2008ರಲ್ಲಿ ಏನಾಯಿತು ಅನ್ನೋದು ಇನ್ನೂ ಮುಖ್ಯ. ಹಾರ್ಪರ್ ಸರ್ಕಾರ ಕಲೆಗೆ ಕೊಡುವ ಹಣದಲ್ಲಿ ಸುಮಾರು 4.5 ಕೋಟಿ ಡಾಲರ್ ಕಡಿತ ಮಾಡಿತು. ಚುನಾವಣೆ ಪ್ರಚಾರದ ಹೊತ್ತಿಗೆ, ಸರ್ಕಾರದ ದುಡ್ಡಲ್ಲಿ ನಡೆಯುವ ಕಲಾವಿದರ ಅದ್ದೂರಿ ಸಮಾರಂಭಗಳು ಸಾಮಾನ್ಯ ಜನರಿಗೆ ಬೇಕಾಗಿಲ್ಲ ಅನ್ನುವ ಅರ್ಥದ ಮಾತೂ ಅವರ ಬಾಯಿಂದ ಬಂತು. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದಲ್ಲಿ ಇದು ಬೆಂಕಿ ಹೊತ್ತಿಸಿತು. ಅಲ್ಲಿ ಕಲೆ ಅಂದರೆ ಭಾಷೆ, ಭಾಷೆ ಅಂದರೆ ಅಸ್ತಿತ್ವ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಚಾರ ಮುಗಿಯುವ ಮೊದಲೇ ಹಾರ್ಪರ್, ಕೆಲವು ಬಗೆಯ ಸಿನಿಮಾಗಳಿಗೆ ತೆರಿಗೆ ರಿಯಾಯಿತಿ ನಿಲ್ಲಿಸುವ ತಮ್ಮದೇ ಒಂದು ಪ್ರಸ್ತಾಪವನ್ನು ಕೈಬಿಟ್ಟರು. ಕ್ವಿಬೆಕ್‌ನಲ್ಲಿ ಅಂದುಕೊಂಡಷ್ಟು ಸೀಟು ಸಿಗಲಿಲ್ಲ, ಬಹುಮತವೂ ತಪ್ಪಿತು.

ಅಷ್ಟರಲ್ಲಿ ಮಾರ್ಟೆಲ್ ಡಜನ್‌ಗಟ್ಟಲೆ ಪುಸ್ತಕ ಕಳಿಸಿಯಾಗಿತ್ತು. ಪುಸ್ತಕಗಳಿಂದ ಆಗದ ಕೆಲಸವನ್ನು ಸಿಟ್ಟಾದ ಮತದಾರರು ಕೆಲವೇ ವಾರದಲ್ಲಿ ಮಾಡಿದರು. ಅದು ಮನಸ್ಸು ಬದಲಾದದ್ದಾ? ಅಲ್ಲ, ಲೆಕ್ಕ ಬದಲಾದದ್ದು. 2011ರ ಆರಂಭದಲ್ಲಿ ಮಾರ್ಟೆಲ್ ಪುಸ್ತಕ ಕಳಿಸೋದನ್ನು ನಿಲ್ಲಿಸಿದರು. ಮೇ ತಿಂಗಳಲ್ಲಿ ಅದೇ ಹಾರ್ಪರ್ ಪೂರ್ಣ ಬಹುಮತದಿಂದ ಗೆದ್ದರು!

ಸರಿ, ಪುಸ್ತಕಗಳು ಅಧಿಕಾರವನ್ನು ಅಲ್ಲಾಡಿಸಿದ್ದೇ ಇಲ್ವಾ? ಈ ಪ್ರಶ್ನೆ ಬಂದಾಗಲೆಲ್ಲ ಜನ ಲಿಂಕನ್ ಕಥೆ ಹೇಳ್ತಾರೆ. ಗುಲಾಮಗಿರಿಯ ವಿರುದ್ಧ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅಮೆರಿಕದ ಅಂತರ್ಯುದ್ಧದ ನಡುವೆ ಎದುರಾದಾಗ, 'ಈ ದೊಡ್ಡ ಯುದ್ಧ ಹಚ್ಚಿದ ಪುಟ್ಟ ಹೆಂಗಸು ನೀವೇನಾ' ಅಂತ ಲಿಂಕನ್ ಕೇಳಿದರಂತೆ. ಆ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಲಿಂಕನ್ ಸತ್ತು ದಶಕಗಳಾದ ಮೇಲೆ. ಅದನ್ನು ಬಿಟ್ಟುಬಿಡೋಣ.

ದಾಖಲೆ ಇರುವ ಕಥೆ ಅಪ್ಟನ್ ಸಿಂಕ್ಲೇರ್ ಅವರದ್ದು. 1906ರಲ್ಲಿ ಅವರ 'ದಿ ಜಂಗಲ್' ಕಾದಂಬರಿ ಪುಸ್ತಕವಾಗಿ ಬಂತು. ಶಿಕಾಗೋದ ಮಾಂಸದ ಕಾರ್ಖಾನೆಗಳು, ಅಲ್ಲಿ ಜೀವ ಸವೆಸುವ ವಲಸೆ ಕೂಲಿಗಳು, ಅವರ ಗೋಳು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಓದಿದರು. ನಿಜವಾಗಿ ಓದಿದರು. ಸಿಂಕ್ಲೇರ್‌ಗೆ ಉದ್ದದ ಪತ್ರ ಬರೆದರು. ಪತ್ರದಲ್ಲಿ ಕಾದಂಬರಿಯ ಕೊನೆಗೆ ಬರುವ ಸಮಾಜವಾದವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆದರೆ ಕಾರ್ಖಾನೆಗಳ ತನಿಖೆಗೆ ಇಬ್ಬರನ್ನು ಕಳಿಸಿದರು. ಅವರು ತಂದ ವರದಿಯೂ ಓದಿದರೆ ಹೊಟ್ಟೆ ತೊಳಸುವಂಥದ್ದೇ. ಅದೇ ವರ್ಷ ಜೂನ್ 30ಕ್ಕೆ ಎರಡು ಕಾನೂನಿಗೆ ಸಹಿ ಬಿತ್ತು. ಒಂದು ಮಾಂಸದ ತಪಾಸಣೆಗೆ, ಇನ್ನೊಂದು ಆಹಾರ ಮತ್ತು ಔಷಧದ ಶುದ್ಧತೆಗೆ.

ಆರು ತಿಂಗಳೂ ಆಗಿರಲಿಲ್ಲ! ಇಷ್ಟು ಬೇಗ ಫಲ ಕೊಟ್ಟ ಕಾದಂಬರಿ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ಸಿಂಕ್ಲೇರ್ ಖುಷಿ ಪಡಲಿಲ್ಲ. ಜನರ ಎದೆಗೆ ಗುರಿ ಇಟ್ಟೆ, ಅಕಸ್ಮಾತ್ ಹೊಟ್ಟೆಗೆ ಬಿತ್ತು ಅಂದರು. ಅವರು ಬರೆದದ್ದು ಕೂಲಿಯವನ ಬದುಕು ಬದಲಾಗಲಿ ಅಂತ. ಬದಲಾದದ್ದು ಮಾಂಸದ ಡಬ್ಬಿ. ಕಾರ್ಮಿಕರ ಬಗ್ಗೆ, ಸಮಾಜವಾದದ ಬಗ್ಗೆ ರೂಸ್‌ವೆಲ್ಟ್ ಅಭಿಪ್ರಾಯವನ್ನು ಆ ಪುಸ್ತಕ ಒಂದಿಂಚೂ ಕದಲಿಸಲಿಲ್ಲ. ತಾನು ತಿನ್ನುವ ಮಾಂಸದಲ್ಲಿ ಏನಿದೆ ಅಂತ ಓದಿದ ಲಕ್ಷಾಂತರ ಜನ ಹೇಸಿಕೊಂಡರು, ರೇಗಿದರು. ಆ ಗದ್ದಲ ಹಿಂದೆ ಇದ್ದದ್ದರಿಂದಲೇ ಅಧ್ಯಕ್ಷರು ಕಾರ್ಖಾನೆ ಮಾಲೀಕರಿಗೆ ಎದುರು ನಿಲ್ಲೋಕೆ ಆಯಿತು. ಪುಸ್ತಕದ ಒಂದು ಪ್ರತಿ ಶ್ವೇತಭವನಕ್ಕೆ ಮಾತ್ರ ಹೋಗಿ ಬೇರೆ ಯಾರೂ ಓದದೆ ಇದ್ದಿದ್ದರೆ? ಆ ಉದ್ದದ ಪತ್ರ ಬರುತ್ತಿತ್ತೇನೋ, ಕಾನೂನು ಬರುತ್ತಿರಲಿಲ್ಲ ಅಂತ ನನ್ನ ಅಂದಾಜು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಪುಸ್ತಕ ಕೊಡೋದು ಸರ್ಕಾರಿ ಪದ್ಧತಿಯೇ ಆಗಿಬಿಟ್ಟಿದೆ. 2021ರ ಆಗಸ್ಟ್‌ನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ-ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಬಂತು. 2023ರ ಮೇನಲ್ಲಿ ಸಿದ್ದರಾಮಯ್ಯನವರೂ, ನನಗೆ ಹಾರ-ಶಾಲು ಬೇಡ, ಕೊಡಲೇಬೇಕು ಅಂತಿದ್ದರೆ ಪುಸ್ತಕ ಕೊಡಿ ಅಂದರು. ಒಳ್ಳೆಯದೇ. ಹೂವು ಸಂಜೆಗೆ ಬಾಡುತ್ತೆ, ಪುಸ್ತಕ ಉಳಿಯುತ್ತೆ, ಒಬ್ಬ ಪ್ರಕಾಶಕನಿಗೆ ನಾಲ್ಕು ಕಾಸೂ ಆಗುತ್ತೆ. ಆದರೆ ಪುಸ್ತಕ ಹಾರದ ಜಾಗಕ್ಕೆ ಬಂದ ಕೂಡಲೇ ಅದರ ಪಾಡೂ ಹಾರದ್ದೇ ಆಗುತ್ತೆ. ಕೊಡೋರು, ತಗೊಳ್ಳೋರು ಇಬ್ಬರೂ ಕ್ಯಾಮೆರಾ ನೋಡ್ತಾರೆ. ಕ್ಲಿಕ್ ಆದ ಮೇಲೆ ಪುಸ್ತಕ ಹಿಂದೆ ನಿಂತವರ ಕೈಗೆ ಹೋಗುತ್ತೆ. ಮದುವೆಯಲ್ಲಿ ಬಂದ ಹತ್ತು ಗೋಡೆ ಗಡಿಯಾರಗಳ ಹಾಗೆ.

ಒಬ್ಬ ಶಾಸಕರ ದಿನ ನೋಡಿ. ಬೆಳಿಗ್ಗೆ ಆರಕ್ಕೇ ಮನೆ ಮುಂದೆ ಜನ. ಒಬ್ಬರಿಗೆ ವರ್ಗಾವಣೆ ಬೇಕು, ಒಬ್ಬರಿಗೆ ಆಸ್ಪತ್ರೆಗೆ ಶಿಫಾರಸು ಬೇಕು, ಇನ್ನೊಬ್ಬರ ಊರಿಗೆ ಬೋರ್‌ವೆಲ್. ಆಮೇಲೆ ಮೂರು ಮದುವೆ, ಒಂದು ಗೃಹಪ್ರವೇಶ, ಒಂದು ತಿಥಿ. ರಾತ್ರಿ ಕಾರಿನಲ್ಲಿ ನಿದ್ದೆ. ಇವರು ಓದಲ್ಲ ಅಂತ ಬೈಯೋದಕ್ಕೆ ಮೊದಲು ನಾವು ಅವರನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದೀವಿ ಅಂತಲೂ ಕೇಳಿಕೊಳ್ಳಬೇಕು, ಅಲ್ವಾ?

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಇಟ್ಟುಕೊಳ್ಳಿ, ಒಂದು ಪುಸ್ತಕ ಓದಿ ಒಬ್ಬ ಶಾಸಕರ ಮನಸ್ಸು ನಿಜವಾಗಿಯೂ ಬದಲಾಯಿತು. ಆಮೇಲೆ? 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದಿದೆ. ಹೀಗೇ ಮತ ಹಾಕಿ ಅಂತ ಪಕ್ಷ ಆದೇಶ, ಅಂದರೆ ವಿಪ್, ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಶಾಸಕರನ್ನು ಕೊಂಡುಕೊಳ್ಳುವ ದಂಧೆ ತಡೆಯೋಕೆ ಬಂದ ಕಾನೂನು ಅದು. ಆ ದಂಧೆ ನಿಂತಿತಾ ಅನ್ನೋದಕ್ಕೆ ನಮ್ಮ ರಾಜ್ಯದವರೇ ಒಳ್ಳೆ ಸಾಕ್ಷಿ. ಆದರೆ ಮನಸ್ಸು ಬದಲಾದ ಪ್ರಾಮಾಣಿಕನ ಕೈಯನ್ನೂ ಅದು ಕಟ್ಟಿಹಾಕಿತು. ನೀವು ಪುಸ್ತಕ ಕಳಿಸಿದ್ದು ಒಬ್ಬ ಓದುಗನಿಗೆ. ಮತ ಹಾಕೋದು ಪಕ್ಷ.

ಹಾಗಾದರೆ ಪುಸ್ತಕ ಯಾವಾಗ ಕೆಲಸ ಮಾಡುತ್ತೆ? ನನಗೆ ಎರಡು ಕಥೆ ಇಷ್ಟ.

ಮೊದಲನೇದು 1904ರದ್ದು, ದಕ್ಷಿಣ ಆಫ್ರಿಕಾದ್ದು. ಗಾಂಧಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ರೈಲು ಹತ್ತುತ್ತಿದ್ದರು. ಗೆಳೆಯ ಹೆನ್ರಿ ಪೋಲಕ್ ಸ್ಟೇಷನ್ನಿಗೆ ಬಂದು, ದಾರಿಯಲ್ಲಿ ಓದಿ ಅಂತ ಒಂದು ಪುಸ್ತಕ ಕೊಟ್ಟರು. ಇಂಗ್ಲಿಷ್ ಲೇಖಕ ರಸ್ಕಿನ್ ಬರೆದ 'ಅಂಟು ದಿಸ್ ಲಾಸ್ಟ್'. ಇಪ್ಪತ್ನಾಲ್ಕು ಗಂಟೆ ಪ್ರಯಾಣ. ಗಾಂಧಿ ಪುಸ್ತಕ ಕೆಳಗಿಡಲಿಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ಆ ವರ್ಷವೇ ಡರ್ಬನ್ ಹತ್ತಿರ ಫೀನಿಕ್ಸ್ ಆಶ್ರಮ ಶುರುವಾಯಿತು. ಕೈಕೆಲಸದವನಿಗೂ ವಕೀಲನಿಗೂ ಒಂದೇ ಬೆಲೆ ಅನ್ನುವ ಬದುಕು. ಆಮೇಲೆ ಗಾಂಧಿ ಆ ಪುಸ್ತಕದ ಸಾರವನ್ನು ಗುಜರಾತಿಗೆ ತಂದು 'ಸರ್ವೋದಯ' ಅಂತ ಹೆಸರಿಟ್ಟರು.

ಇದನ್ನು ಪುಸ್ತಕ ಮನುಷ್ಯನನ್ನು ಬದಲಿಸಿದ ಕಥೆ ಅಂತ ಎಲ್ಲರೂ ಹೇಳ್ತಾರೆ. ಗಾಂಧಿಯೇ ಆತ್ಮಕಥೆಯಲ್ಲಿ ಏನು ಬರೆದಿದ್ದಾರೆ ನೋಡಿ. ನನ್ನೊಳಗೆ ಆಳದಲ್ಲಿ ಇದ್ದ ನಂಬಿಕೆಗಳೇ ಅದರಲ್ಲಿ ಕಂಡವು ಅನ್ನೋ ಅರ್ಥದ ಮಾತು ಬರೆದಿದ್ದಾರೆ. ಅಂದರೆ ನೆಲ ಮೊದಲೇ ಹದವಾಗಿತ್ತು. ಕೊಟ್ಟವರು ಎದುರಾಳಿಯಲ್ಲ, ಜೊತೆಯಲ್ಲಿ ಊಟ ಮಾಡುವ ಗೆಳೆಯ. ಪೋಲಕ್ ಆ ಪುಸ್ತಕದ ಜೊತೆ ಬಹಿರಂಗ ಪತ್ರ ಬರೆಯಲಿಲ್ಲ.

ಎರಡನೇದು 1907ರದ್ದು. ಬಾಂಬೆಯಲ್ಲಿ ಒಬ್ಬ ದಲಿತ ಹುಡುಗ ಮೆಟ್ರಿಕ್ ಪಾಸಾದ. ಸನ್ಮಾನ ಸಭೆ ಮಾಡಿದರು. ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಅನ್ನುವ ಮರಾಠಿ ಲೇಖಕರು ತಾವೇ ಬರೆದ ಬುದ್ಧನ ಜೀವನಚರಿತ್ರೆಯನ್ನು ಹುಡುಗನ ಕೈಗೆ ಕೊಟ್ಟರು. ಆ ಹುಡುಗ ಅಂಬೇಡ್ಕರ್. ಬುದ್ಧನ ಕಡೆ ತಾನು ತಿರುಗಿದ್ದು ಹೀಗೆ ಅಂತ ಅವರೇ ಬರೆದಿದ್ದಾರೆ. ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್. ನಡುವೆ 49 ವರ್ಷ. ಆ ಒಂದು ಪುಸ್ತಕದಿಂದಲೇ ಎಲ್ಲ ಆಯಿತು ಅಂತ ನಾನು ಹೇಳ್ತಿಲ್ಲ. ಆ 49 ವರ್ಷದಲ್ಲಿ ಅವರು ಸಾವಿರಾರು ಪುಸ್ತಕ ಓದಿದರು, ಸಾಕಷ್ಟು ಅವಮಾನ ನುಂಗಿದರು. ಆದರೆ ಬೀಜ ಬಿದ್ದದ್ದು ಅಲ್ಲಿ. ಆ ಹುಡುಗನಿಗೆ ಆಗ ಯಾವ ಕುರ್ಚಿಯೂ ಇರಲಿಲ್ಲ. ಕಾಯಬೇಕಾದ ಮತಬ್ಯಾಂಕೂ ಇರಲಿಲ್ಲ.

ನಮ್ಮಲ್ಲೂ ಶಾಂತವೇರಿ ಗೋಪಾಲಗೌಡರಂಥವರು ಇದ್ದರು. ಗೇಣಿ ರೈತರ ಕಾಗೋಡು ಸತ್ಯಾಗ್ರಹದ ಮನುಷ್ಯ, ಸಾಹಿತ್ಯದ ಹುಚ್ಚು ಇದ್ದ ಶಾಸಕ. ಅವರಿಗೆ ಲೇಖಕರು ಪುಸ್ತಕ ಅಂಚೆಗೆ ಹಾಕಲಿಲ್ಲ, ಜೊತೆಗೆ ಕೂತು ಜಗಳ ಆಡಿದರು. ಇವತ್ತು ನಮ್ಮ ಲೇಖಕರಿಗೂ ರಾಜಕಾರಣಿಗಳಿಗೂ ನಡುವೆ ಆ ಥರದ ಜಗಳವೇ ಉಳಿದಿಲ್ಲ. ಇರೋದು ಒಂದೋ ಸನ್ಮಾನ, ಇಲ್ಲ ಬೈಗುಳ.

ಅದಕ್ಕೇ ಯಾರಾದರೂ ಮಂತ್ರಿಗಳಿಗೆ ಪುಸ್ತಕ ಕಳಿಸುವ ಅಭಿಯಾನ ಮಾಡೋಣ ಅಂದರೆ ನನಗೆ ಅಷ್ಟು ಉತ್ಸಾಹ ಬರಲ್ಲ. ಕಳಿಸಲೇಬೇಕು ಅಂತಿದ್ದರೆ ವಿಳಾಸ ಬದಲಿಸಿ. ಮಂತ್ರಿಯ ಹೆಸರಿಗೆ ಬೇಡ, ಅವರ ಆಪ್ತ ಸಹಾಯಕರ ಹೆಸರಿಗೆ ಕಳಿಸಿ. ಭಾಷಣ ಬರೆದುಕೊಡುವ ಹುಡುಗಿಗೆ ಕಳಿಸಿ. ಮಾರ್ಟೆಲ್‌ಗೆ ಉತ್ತರ ಬಂದದ್ದು ಅಂಥವರಿಂದಲೇ ತಾನೇ? ಲಕೋಟೆ ಬಿಚ್ಚಿದವರು ಅವರು. 101 ಪುಸ್ತಕದಲ್ಲಿ ಒಂದನ್ನಾದರೂ ಯಾರೋ ಮಧ್ಯಾಹ್ನ ಊಟದ ಹೊತ್ತಿಗೆ ತಿರುವಿ ಹಾಕಿರಬಹುದು ಅನ್ನೋದು ನನ್ನ ಆಸೆ.

ಅಥವಾ ಇನ್ನೂ ಕೆಳಗೆ ಬನ್ನಿ. ರಾಜ್ಯದಲ್ಲಿ ಐದು ಸಾವಿರಕ್ಕೂ ಜಾಸ್ತಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅಂತಾರೆ. ವಿಧಾನಸಭೆಗೆ ನಿಲ್ಲೋಕೆ 25 ವರ್ಷ ಆಗಬೇಕು, ಗ್ರಾಮ ಪಂಚಾಯಿತಿಗೆ 21 ಸಾಕು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಕೂತ ಹತ್ತೊಂಬತ್ತರ ಹುಡುಗ, ಹುಡುಗಿಯರಲ್ಲಿ ಒಬ್ಬರಾದರೂ ಎರಡು ವರ್ಷಕ್ಕೆ ನಾಮಪತ್ರ ಹಾಕಬಹುದು. ಮಂತ್ರಿಗೆ ಅಂತ ಎತ್ತಿಟ್ಟ ಪುಸ್ತಕವನ್ನು ಆ ಮೇಜಿನ ಮೇಲೆ ಇಟ್ಟು ಬನ್ನಿ. ಫೋಟೋ ತೆಗೆಸಿಕೊಳ್ಳಬೇಡಿ. ಮೊದಲ ಪುಟದಲ್ಲಿ 'ಪ್ರೀತಿಯಿಂದ' ಅಂತ ಬರೆದು ನಿಮ್ಮ ಹೆಸರನ್ನೂ ಹಾಕಬೇಡಿ.