ಟರ್ಬೊ ಕಾರಿನ ನಾಕ್: ಟೈಮಿಂಗ್ ಎಲ್ಲಿ, ಎಷ್ಟು ಇಳಿಸಬೇಕು?

ಸ್ಕ್ರೀನ್ ಮೇಲೆ ಲಾಗ್ ಇದೆ, ಅಂದರೆ ಕಾರು ಓಡುವಾಗ ದಾಖಲಾದ ಲೆಕ್ಕ. ಅದರ ಈ ಕೆಂಪು ಗೆರೆ ನೋಡಿ. ಖಾಲಿ ಟ್ರ್ಯಾಕ್, ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ. 3,200 ಆರ್‌ಪಿಎಂ ದಾಟುತ್ತಿದ್ದ ಹಾಗೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಏಕಾಏಕಿ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಬೀಳುವ ಹೊತ್ತನ್ನು, 4 ಡಿಗ್ರಿ ರಿಟಾರ್ಡ್ (ತಡ) ಮಾಡಿದೆ. 4,000 ದಾಟಿದ ಮೇಲೆ ಗೆರೆ ಮತ್ತೆ ಸಪಾಟು. ತಲೆನೋವು ಇರುವುದು ಈ 800 ಆರ್‌ಪಿಎಂ ಒಳಗೆ ಮಾತ್ರ. ಇವತ್ತು ಕೈ ಹಾಕುವುದೂ ಅಲ್ಲಿಗಷ್ಟೇ.

ನಾಕ್ ಅಲ್ಲೇ ಯಾಕೆ? ಅಷ್ಟೊತ್ತಿಗೆ ಟರ್ಬೊ ಪೂರ್ತಿ ಬೂಸ್ಟ್ ಕೊಡುತ್ತಿರುತ್ತದೆ. ಸಿಲಿಂಡರ್ ಒಳಗೆ ಗಾಳಿ ಜಾಸ್ತಿ, ಒತ್ತಡ ಜಾಸ್ತಿ, ಬಿಸಿಯೂ ಜಾಸ್ತಿ. ಆದರೆ ಇಂಜಿನ್ ಇನ್ನೂ ಅಷ್ಟು ವೇಗ ಹಿಡಿದಿಲ್ಲ. ಸ್ಪಾರ್ಕ್ ಹಚ್ಚಿದ ಬೆಂಕಿ ಅಂಚು ಮುಟ್ಟುವ ಮೊದಲೇ, ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಕಾದು ಕಾದು ತಾನಾಗಿ ಸಿಡಿಯುತ್ತದೆ. ಆರ್‌ಪಿಎಂ ಏರಿದರೆ ಹಾಗೆ ಸಿಡಿಯಲು ಅದಕ್ಕೆ ಸಮಯವೇ ಸಿಗುವುದಿಲ್ಲ.

ಆ ಸಿಡಿತವೇ ನಾಕ್. ಬ್ಲಾಕಿಗೆ ಬೋಲ್ಟ್ ಮಾಡಿರುವ ಸೆನ್ಸರ್ ಕಿವಿಗೊಡುವುದು ಇದಕ್ಕೇ. 86 ಮಿ.ಮೀ. ಬೋರ್ (ಸಿಲಿಂಡರ್ ಒಳಗಿನ ಅಗಲ) ಇದ್ದರೆ ಇದರ ಸದ್ದು ಸುಮಾರು 6ರಿಂದ 7 ಕಿಲೋಹರ್ಟ್ಜ್. ಎಕ್ಸಾಸ್ಟ್ ಬಿಸಿ ತಡೆಯುವ ಹೀಟ್ ಶೀಲ್ಡ್ ತಗಡು ಸಡಿಲವಾಗಿ ಗಡಗಡ ಅಂದರೂ ಸೆನ್ಸರ್ ಕೆಲವೊಮ್ಮೆ ಬೇಸ್ತು ಬೀಳುತ್ತದೆ. ಅದಕ್ಕೇ ಲ್ಯಾಪ್‌ಟಾಪ್ ತೆರೆಯುವ ಮೊದಲು ಕಾರಿನ ಕೆಳಗೆ ಟಾರ್ಚ್ ಹಾಕಿ ನೋಡಿದೆ. ಎಲ್ಲ ಬಿಗಿಯಾಗಿದೆ. ಪ್ಲಗ್‌ಗಳನ್ನೂ ಬಿಚ್ಚಿದೆ. ತಡೀರಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆಗಳಿವೆ, ಕಾಣಿಸ್ತಿದೆ ಅಲ್ವಾ? ಅಂದಮೇಲೆ ನಾಕ್ ನಿಜವೇ. ನಡುವೆ ಮಿರಮಿರ ಮಿಂಚುವ ಚುಕ್ಕೆ ಇದ್ದಿದ್ದರೆ ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿ ಬಂದಿದೆ ಎಂದರ್ಥ. ಆಗ ಟ್ಯೂನಿಂಗ್ ಮಾತೇ ಬೇಡ, ಇಂಜಿನ್ ಬಿಚ್ಚುವುದೇ.

ಈಗ ಮ್ಯಾಪ್, ಅಂದರೆ ಇಸಿಯು ಟೈಮಿಂಗ್ ನೋಡಿಕೊಳ್ಳುವ ಮನೆಮನೆಯ ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಲೋಡ್ (ಇಂಜಿನ್ ಮೇಲಿನ ಹೊರೆ). ಪಿಸ್ಟನ್ ಮೇಲಿನ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೆಷ್ಟು ಡಿಗ್ರಿ ತಿರುಗಬೇಕಿರುವಾಗ ಸ್ಪಾರ್ಕ್ ಬೀಳಬೇಕು ಅನ್ನುವುದು ಪ್ರತಿ ಮನೆಯಲ್ಲೂ ಬರೆದಿದೆ. ಈ ಮನೆಯಲ್ಲಿ 14 ಇತ್ತು, 12 ಮಾಡಿದೆ. ಇಸಿಯು 4 ಎಳೆದಿದೆ, ನಾನ್ಯಾಕೆ 2 ಮಾತ್ರ? ನಾಕ್ ಕೇಳಿಸಿದರೆ ಅದು ಗಾಬರಿಯಿಂದ ಬೇಕಾದ್ದಕ್ಕಿಂತ ಜಾಸ್ತಿಯೇ ಇಳಿಸಿ, ಆಮೇಲೆ ನಿಧಾನಕ್ಕೆ ವಾಪಸ್ ಕೊಡುತ್ತದೆ. ನಮಗೆ ಅಷ್ಟು ಬೇಕಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಒಂದೊಂದು ಡಿಗ್ರಿ ತೆಗೆದೆ, ಇಲ್ಲದಿದ್ದರೆ ಎಳೆತದಲ್ಲಿ ಜರ್ಕ್ ಗೊತ್ತಾಗುತ್ತದೆ.

ಸುಮ್ನೆ ಎಲ್ಲ ಕಡೆ 5 ಡಿಗ್ರಿ ಇಳಿಸಿಬಿಟ್ಟರೆ ಗೋಳೇ ಇಲ್ಲವಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಪಾರ್ಕ್ ತಡವಾದಷ್ಟೂ ಉರಿಯುವುದು ತಡ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟ್‌ಗೆ ಹೋಗುತ್ತದೆ. ಟರ್ಬೈನ್ ಕೆಂಪಗೆ ಕಾಯುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾಯುತ್ತದೆ, ಎಳೆತವೂ ಸಾಯುತ್ತದೆ. ಇಳಿಸುತ್ತಾ ಹೋದರೂ ನಾಕ್ ನಿಲ್ಲದಿದ್ದರೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ನೋಡಿ, ಪೆಟ್ರೋಲ್‌ನ ಆಕ್ಟೇನ್ (ನಾಕ್ ತಡೆಯುವ ಗುಣ) ನೋಡಿ, ಮಿಕ್ಸ್ಚರ್ ಲೀನ್ ಆಗಿದೆಯಾ, ಅಂದರೆ ಪೆಟ್ರೋಲ್ ಕಮ್ಮಿ ಇದೆಯಾ ನೋಡಿ. ಇಷ್ಟಾದ ಮೇಲೂ ಬಗ್ಗದಿದ್ದರೆ ಬೂಸ್ಟ್ ಸ್ವಲ್ಪ ಇಳಿಸಿ, ಟೈಮಿಂಗ್ ಉಳಿಸಿಕೊಳ್ಳುವುದೇ ವಾಸಿ.

ಇನ್ನೊಂದು. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ) ಟರ್ಬೊ 2,000 ಆರ್‌ಪಿಎಂ ಆಸುಪಾಸಿನಲ್ಲಿ ಒಂದೇ ಸಲ ಢಣ್ ಅಂದರೆ ಅದು ಬೇರೆಯೇ ರೋಗ ಇರಬಹುದು. ಅಲ್ಲಿ ಸ್ಪಾರ್ಕ್ ಬೀಳುವ ಮೊದಲೇ ಬೆಂಕಿ ಹತ್ತಿರುತ್ತದೆ, ಸ್ಪಾರ್ಕ್ ತಡ ಮಾಡಿ ಏನು ಪ್ರಯೋಜನ? ಈ ರೋಗ ತಡೆಯಲು ನೆರವಾಗುವ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು) ದರ್ಜೆಯ ಇಂಜಿನ್ ಆಯಿಲ್ ಹಾಕಿ, ಕಡಿಮೆ ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ತುಳಿಯುವುದನ್ನು ಬಿಡಿ.

ಸರಿ, ಹೊಸ ಲಾಗ್ ಬಂತು. 3,400ರ ಹತ್ತಿರ 1 ಡಿಗ್ರಿ ರಿಟಾರ್ಡ್ ಇನ್ನೂ ಉಳಿದಿದೆ, ಮಿಕ್ಕಿದ್ದೆಲ್ಲ ಕ್ಲೀನ್. ಅಲ್ಲಿ ಇನ್ನರ್ಧ ಡಿಗ್ರಿ ತೆಗೆದು ಹೊಸ ಮ್ಯಾಪನ್ನು ಇಸಿಯುಗೆ ಫ್ಲಾಶ್ ಮಾಡುತ್ತಿದ್ದೇನೆ. ಮಧ್ಯಾಹ್ನ ಬಿಸಿಲೇರಿ ಇಂಟೇಕ್ ಗಾಳಿ ಬಿಸಿಯಾದಾಗ ಮತ್ತೆ ಲಾಗ್ ಮಾಡುತ್ತೇನೆ, ಬೆಳಗ್ಗೆ ಸುಮ್ಮನಿದ್ದ ನಾಕ್ ಎದ್ದು ಬರುವುದೇ ಆಗ.