ಹಿಂಸೆಯ ಹೊಣೆ ಯಾರದು?

ಕೇಳುಗರಿಗೆ ನಮಸ್ಕಾರ. ಮನುಷ್ಯ ಮನುಷ್ಯನನ್ನು ಕೊಲ್ಲುವುದಕ್ಕೆ ಧರ್ಮಶ್ರದ್ಧೆಯೇ ಕಾರಣವೆಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಶ್ರದ್ಧಾವಂತರು ಅದಕ್ಕೆ ನೊಂದು, ನಿಜವಾದ ಧರ್ಮ ಎಂದೂ ಕೊಲ್ಲೆನ್ನುವುದಿಲ್ಲ ಎನ್ನುತ್ತಾರೆ. ಕಲಬುರಗಿ, ಬೀದರ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಎರಡೂ ಮಾತುಗಳು ಪೂರ್ತಿಯಾಗಿ ನಿಲ್ಲುವುದಿಲ್ಲವೆಂಬುದು ನನ್ನ ತಿಳಿವಳಿಕೆ.

ಬೀದರಿನ ದೊಡ್ಡ ಮದರಸಾ ಕಟ್ಟಿಸಿದ ಮಹಮೂದ ಗವಾನನನ್ನೇ ತೆಗೆದುಕೊಳ್ಳಿ. ಇರಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಈತನನ್ನು ಕಂಡರೆ ಇಲ್ಲಿಯ ದಖನಿ ಅಮೀರರಿಗೆ ಆಗುತ್ತಿರಲಿಲ್ಲ. ಅವನ ಮೊಹರು ಬಿದ್ದಿದ್ದ ಕಾಗದದ ಮೇಲೆ ರಾಜದ್ರೋಹದ ಸುಳ್ಳು ಪತ್ರ ಬರೆಸಿ ಸುಲ್ತಾನನ ಕೈಗೆ ಮುಟ್ಟಿಸಿದರು. 1481ರಲ್ಲಿ ಆ ವೃದ್ಧನ ತಲೆ ಹಾರಿಸಲಾಯಿತು. ಸಂಚು ಹೂಡಿದವರು, ಅಪ್ಪಣೆ ಕೊಟ್ಟವನು, ಸತ್ತವನು ಎಲ್ಲರೂ ಒಂದೇ ದೇವರನ್ನು ನಂಬಿದವರು. ಅಲ್ಲಿ ಕೊಂದದ್ದು ಅಧಿಕಾರದ ಹಸಿವು. ಧರ್ಮವನ್ನೇ ಕಿತ್ತೊಗೆಯಲು ಹೊರಟ ಕಾಂಬೋಡಿಯಾದ ಆಳ್ವಿಕೆಯೂ 1975ರಿಂದ 1979ರೊಳಗೆ ತನ್ನದೇ ಲಕ್ಷಾಂತರ ಪ್ರಜೆಗಳ ಜೀವ ತೆಗೆಯಿತು.

ಹಾಗೆಂದು ಧರ್ಮವನ್ನು ಖುಲಾಸೆ ಮಾಡಿ ಕಳಿಸಲಾಗದು. ಬೀದರ ಜಿಲ್ಲೆಯದೇ ಆದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದ ಮಧುವರಸ ಮಗಳನ್ನು ಕೊಟ್ಟನೆಂಬ ಕಾರಣಕ್ಕೆ ಆ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಅರಸನಿಗೆ ದೂರಿತ್ತವರೆಲ್ಲ ಲಾಭಕ್ಕಾಗಿಯೇ ದೂರಿತ್ತರೆಂದು ನಾನು ಭಾವಿಸಲಾರೆ. ವರ್ಣಸಂಕರವಾದರೆ ಲೋಕವೇ ಕೆಡುತ್ತದೆಂದು ಅವರಲ್ಲಿ ಕೆಲವರಾದರೂ ಮನಸಾರೆ ನಂಬಿದ್ದಿರಬೇಕು. ಮದುವೆ ಮಾಡಿದವರದೂ ಶ್ರದ್ಧೆಯೇ, ಮುರಿಯಹೊರಟವರದೂ ಶ್ರದ್ಧೆಯೇ. ಸಿಟ್ಟಿನಿಂದ ಹೊಡೆದವನಿಗೆ ಸಿಟ್ಟು ಇಳಿದ ಮೇಲೆ ನಾಚಿಕೆಯಾದೀತು, ಆದರೆ ಪುಣ್ಯವೆಂದು ಹೊಡೆದವನಿಗೆ ಆ ನಾಚಿಕೆಯೂ ಬರುವುದಿಲ್ಲ. ನಂಬಿಕೆಯ ಮೇಲೆ ನಾನು ಹೊರಿಸುವ ದೋಷ ಇದು.

1948ರಲ್ಲಿ ಅಧಿಕಾರ, ಆಸ್ತಿ, ಶ್ರದ್ಧೆ ಮೂರೂ ಒಂದಕ್ಕೊಂದು ಹೆಣೆದುಕೊಂಡವು. ಹೈದರಾಬಾದ್ ಸಂಸ್ಥಾನದ ನಿಜಾಮನ ಆಳ್ವಿಕೆ ಉಳಿಸಲೆಂದು ಹೊರಟ ಮುಸಲ್ಮಾನ ಸಶಸ್ತ್ರ ದಳದವರಾದ ರಜಾಕಾರರು ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆಸಿದ ಕಗ್ಗೊಲೆಯನ್ನು ಇಲ್ಲಿಯವರು ಮರೆತಿಲ್ಲ, ಮರೆಯಲೂಬಾರದು. ಭಾರತದ ಸೇನೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡು ತಿರುಗಿ, ರಜಾಕಾರರಲ್ಲದ ಸಾವಿರಾರು ಮುಸಲ್ಮಾನರ ಮೇಲೆ ಬಿತ್ತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜಿಸಿತು; ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ ಎರಡೂ ಇದ್ದವು. ಕೊಲೆಯ ಜೊತೆಗೆ ಲೂಟಿ, ಮನೆ ಹೊಲಗಳ ಕಬಳಿಕೆ, ಮಸೀದಿಗಳನ್ನು ಅಪವಿತ್ರಗೊಳಿಸುವುದು, ಬಲವಂತದ ಮತಾಂತರ ನಡೆದುದನ್ನೂ ವರದಿ ದಾಖಲಿಸಿದೆ. ಹೊಲ ಕಬಳಿಸಿದ್ದು ಧರ್ಮಕ್ಕಾಗಿಯಲ್ಲ, ಆದರೆ ಕಬಳಿಸಿದವನಿಗೆ ಧರ್ಮದ ಮರೆ ಸಿಕ್ಕಿತು.

ಅದೇ ವರದಿಯಲ್ಲಿ, ಮುಸಲ್ಮಾನ ನೇಕಾರರನ್ನು ಹಿಂದೂ ನೇಕಾರರು ಕಾಪಾಡಿದ ಮಾತೂ ಇದೆ. ನನ್ನನ್ನು ಬಹಳ ಕಾಡುವ ಸಂಗತಿ ಅದು. ನಮ್ಮ ಕಡೆ ಮೊಹರಂ ಬಂದರೆ ಹಿಂದೂ ಮನೆಯವರೂ ಸಕ್ಕರೆ ಓದಿಸಿಕೊಂಡು ಬರುತ್ತಾರೆ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಹರಕೆ ಹೊತ್ತ ಹುಡುಗರು ಫಕೀರರಾಗುತ್ತಾರೆ. ಇದನ್ನು ತೋರಿಸಿ ನಾವೆಲ್ಲ ಒಂದೇ ಎಂದು ಹೇಳಿಕೊಳ್ಳುವುದು ನಮಗೆ ರೂಢಿಯಾಗಿದೆ. ಈ ಆಚರಣೆ ತಲೆಮಾರುಗಳಿಂದ ಇದ್ದ ಸೀಮೆಯಲ್ಲೇ 1948 ನಡೆಯಿತೆಂಬುದನ್ನು ಮಾತ್ರ ನಾವು ನುಂಗಿಬಿಡುತ್ತೇವೆ. ಹಬ್ಬದ ಸ್ನೇಹಕ್ಕಿಂತ ದಿನದ ಬಾಳಿನ ಒಡನಾಟ, ಒಂದೇ ಕಸುಬಿನ ಕಷ್ಟಸುಖ, ಹೆಚ್ಚು ಗಟ್ಟಿಯಾಗಿ ಹಿಡಿದಿತ್ತೇನೋ ಎಂದು ನನಗೆ ತೋರುತ್ತದೆ. ಕಾಪಾಡಿದವರೂ ದೇವರನ್ನು ನಂಬಿದವರೇ ಇದ್ದಿರಬೇಕು, ಆದುದರಿಂದ ನಂಬಿಕೆಯೊಂದರಿಂದಲೇ ಯಾರು ಕೊಂದಾರು, ಯಾರು ಉಳಿಸಿಯಾರು ಎಂದು ಮೊದಲೇ ಹೇಳಲಾಗದು.

ಅಂದು ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟುದನ್ನು ಕಣ್ಣಾರೆ ಕಂಡ ಮಕ್ಕಳು ಇಂದು ಎಂಬತ್ತು ದಾಟಿದ ಹಿರಿಯರು. ಗುಲ್ಬರ್ಗಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಊರೂರಿನ ಶಿಕ್ಷಕರು ಈ ವರ್ಷವೇ ಅವರ ಬಳಿ ಕುಳಿತು, ಯಾರು ಕೊಂದರೆಂಬುದರ ಜೊತೆಗೆ ಯಾರು ಬಾಗಿಲು ತೆರೆದರು, ಏಕೆ ತೆರೆದರು ಎಂಬುದನ್ನೂ ಕೇಳಿ ಬರೆದಿಡಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.