ಎಂಟೂವರೆ ಸಿಜಿಪಿಎ ಎಂದರೆ ಎಷ್ಟು?

ಕೇಳುಗರಿಗೆ ನಮಸ್ಕಾರ. ಸಿಜಿಪಿಎ ಎಂದರೆ ಎಲ್ಲ ಸೆಮಿಸ್ಟರ್‌ಗಳ ಗ್ರೇಡುಗಳನ್ನು ಸೇರಿಸಿ ಹತ್ತಕ್ಕೆ ಲೆಕ್ಕ ಹಾಕಿದ ಸರಾಸರಿ. "ಪಕ್ಕದ ಮನೆಯ ಹುಡುಗನಿಗೆ ಒಂಬತ್ತು ಬಂದಿದೆಯಂತೆ, ನಮ್ಮವನಿಗೇಕೆ ಎಂಟೂವರೆ?" ಎಂದು ಅಂಕಪಟ್ಟಿ ಹಿಡಿದು ಬರುವ ತಂದೆತಾಯಿಯರನ್ನು ನಾನು ಮೊದಲು ಕೇಳುವುದು ಇಷ್ಟೇ: ಆ ಇಬ್ಬರಿಗೂ ಪ್ರಶ್ನೆಪತ್ರಿಕೆ ತೆಗೆದವರು ಒಬ್ಬರೇ ಏನು?

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾದಾಗ, ಅದುವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದ ಅಡಿಗೆ ಬಂದವು. ಬೀದರಿನ ವಿದ್ಯಾರ್ಥಿಯೂ ಮಂಗಳೂರಿನ ವಿದ್ಯಾರ್ಥಿಯೂ ಒಂದೇ ದಿನ ಒಂದೇ ಪತ್ರಿಕೆಗೆ ಉತ್ತರ ಬರೆಯತೊಡಗಿದರು. ಆಮೇಲೆ ಸ್ವಾಯತ್ತ ಕಾಲೇಜುಗಳು ಹೆಚ್ಚಿದವು. ಅಲ್ಲಿ ಪ್ರಶ್ನೆಪತ್ರಿಕೆಯೂ ಮೌಲ್ಯಮಾಪನವೂ ಕಾಲೇಜಿನದೇ, ಪದವಿ ಪ್ರಮಾಣಪತ್ರ ಮಾತ್ರ ವಿಟಿಯುವಿನದು. ಒಂದೇ ಮುದ್ರೆಯ ಕೆಳಗೆ ಎಷ್ಟೋ ಅಳತೆಗೋಲುಗಳು!

ಒಂದೇ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲೂ ಕಾಲ ಬದಲಾದಂತೆ ಅಳತೆ ಬದಲಾಗಿದೆ. 2010ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯ ಮತ್ತು ಪರೀಕ್ಷಾ ಪದ್ಧತಿಯಲ್ಲಿ, ಪ್ರತಿ ವಿಷಯಕ್ಕೂ ಎಂಟು ಘಟಕಗಳು, ಎಂಟು ಪ್ರಶ್ನೆಗಳು. ಎರಡು ಭಾಗಗಳಿಂದಲೂ ಕನಿಷ್ಠ ಎರಡೆರಡನ್ನು ಆರಿಸಿ ಒಟ್ಟು ಐದಕ್ಕೆ ಉತ್ತರಿಸಿದರೆ ಸಾಕಿತ್ತು, ಹಾಗಾಗಿ ಮೂರು ಘಟಕಗಳ ಪುಟವನ್ನೇ ತೆರೆಯದೆ ನೂರಕ್ಕೆ ನೂರನ್ನು ಗುರಿಯಾಗಿಟ್ಟುಕೊಳ್ಳಬಹುದಿತ್ತು. 2015ರ ಸ್ಕೀಮಿನಲ್ಲಿ ಐದು ಮಾಡ್ಯೂಲುಗಳಾಗಿ, ಪ್ರತಿಯೊಂದರಿಂದಲೂ ಒಂದು ಪ್ರಶ್ನೆಗೆ ಉತ್ತರಿಸಲೇಬೇಕಾಯಿತು. ಇಡೀ ಮಾಡ್ಯೂಲನ್ನೇ ಕೈಬಿಡುವ ದಾರಿ ಮುಚ್ಚಿತು. 2018ರ ಸ್ಕೀಮಿನಲ್ಲಿ ಕಾಲೇಜೇ ಕೊಡುವ ಆಂತರಿಕ ಅಂಕಗಳಿಗೆ, ಅಂದರೆ ಇಂಟರ್ನಲ್ಸ್‌ಗೆ, ನಲವತ್ತು, ಸೆಮಿಸ್ಟರ್ ಪರೀಕ್ಷೆಗೆ ಅರವತ್ತು ಇದ್ದದ್ದು 2021ರದರಲ್ಲಿ ಐವತ್ತು–ಐವತ್ತಾಯಿತು. ಇಂಟರ್ನಲ್ಸ್ ಕೊಡುವ ಕೈ ಎಲ್ಲ ಕಾಲೇಜುಗಳಲ್ಲಿ ಒಂದೇ ಅಳತೆಯದಲ್ಲ ಎಂಬುದನ್ನು ಅಧ್ಯಾಪಕನಾಗಿ ನಾನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಇನ್ನು ಶೇಕಡಾವಾರು ಲೆಕ್ಕ. ದೇಶದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯ ಹೋಲಿಕೆಯಂತೆ ಸಿಜಿಪಿಎ 6.75ಕ್ಕೆ ಶೇ. 60, ಅಂದರೆ ಮುಕ್ಕಾಲು ಕಳೆದು ಹತ್ತರಿಂದ ಗುಣಿಸಬೇಕು. ಎಂಟೂವರೆ ಹೀಗೆ 77.5 ಆಗುತ್ತದೆ, ನೇರವಾಗಿ ಹತ್ತರಿಂದ ಗುಣಿಸುವ ಕಡೆ ಅದೇ 85. ಐಐಟಿಗಳಂಥ ಸಂಸ್ಥೆಗಳ ಹಲವು ತರಗತಿಗಳಲ್ಲಿ ಉಳಿದವರು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಗ್ರೇಡ್ ನಿಲ್ಲುವುದರಿಂದ, ಪತ್ರಿಕೆ ಕಠಿಣವಾಗಿದ್ದರೆ ನೂರಕ್ಕೆ ಅರವತ್ತು ಪಡೆದವನೂ ಮೊದಲ ಸಾಲಿಗೆ ಬರಬಹುದು.

ಎಲ್ಲರಿಗೂ ಸಮಾನವಾದ ಅಳತೆ ಬೇಕೆನ್ನುವವರಿಗೆ ಇಂಜಿನಿಯರಿಂಗ್ ಓದಿದವರಿಗಾಗಿ ದೇಶಾದ್ಯಂತ ನಡೆಯುವ ಗೇಟ್ ಪರೀಕ್ಷೆ ಇದೆ: ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಆದರೆ ಪ್ರಯೋಗಾಲಯದಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದ ಕೈ ಎಷ್ಟು ಪಳಗಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಕಾಲೇಜುಗಳನ್ನು ತೂಗಿ ನೋಡಬೇಕೆನ್ನುವವರು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡು ಪಕ್ಕಪಕ್ಕದಲ್ಲಿಟ್ಟು ಓದಲಿ. ಒಂದು ಪತ್ರಿಕೆ "ಥೆವೆನಿನ್ ಪ್ರಮೇಯವನ್ನು ನಿರೂಪಿಸಿ, ವಿವರಿಸಿ" ಎನ್ನುತ್ತದೆ. ಜಟಿಲವಾದ ಸರ್ಕ್ಯೂಟನ್ನು ಒಂದು ವೋಲ್ಟೇಜ್ ಮೂಲ, ಒಂದು ರೋಧಕಕ್ಕೆ ಇಳಿಸುವ ಪ್ರಮೇಯವದು. ಟಿಪ್ಪಣಿಯನ್ನು ಉರು ಹೊಡೆದವರು ಅದಕ್ಕೆ ಪೂರ್ಣಾಂಕ ಪಡೆಯುತ್ತಾರೆ. ಇನ್ನೊಂದು, ಹಿಂದೆಂದೂ ಕಾಣದ ಸರ್ಕ್ಯೂಟೊಂದರ ಚಿತ್ರ ಕೊಟ್ಟು, ಯಾವ ರೋಧಕವನ್ನು ಜೋಡಿಸಿದರೆ ಅದಕ್ಕೆ ಗರಿಷ್ಠ ವಿದ್ಯುತ್ ಸಾಮರ್ಥ್ಯ ಸಿಗುತ್ತದೆ ಎಂದು ಕೇಳುತ್ತದೆ. ಉತ್ತರಕ್ಕೆ ನೆರವಾಗುವುದು ಅದೇ ಪ್ರಮೇಯ, ಆದರೆ ಅದರ ಹೆಸರನ್ನೂ ಅಲ್ಲಿ ಹೇಳಿರುವುದಿಲ್ಲ.